ಪಾಂಗ್ ಬರೆದದ್ದು, ನಾನು ಓದಿದ್ದು

ಮಾತು ಬಾರದವನ ಜೊತೆ ಜಗಳವಾಡುವುದು ಸುಲಭ ಅಂತ ಯಾರಾದರೂ ನಿಮಗೆ ಹೇಳಿದ್ದರೆ, ಅವರು ನಮ್ಮ ಪಾಂಗ್‌ನನ್ನು ನೋಡಿಲ್ಲ ಎಂದು ತಿಳಿಯಿರಿ. ಮೂರು ವರ್ಷದ ಹಿಂದೆ ಗಂಟಲಲ್ಲಿ ಗಡ್ಡೆಯಾಗಿ, ಡಾಕ್ಟರು ಅವನ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದರು. ಅದಕ್ಕೆ ಮುಂಚೆಯೂ ಅವನು ಹೆಚ್ಚು ಮಾತಾಡುತ್ತಿರಲಿಲ್ಲ. ಹಾಗಾಗಿ ಮೊದಲ ಒಂದು ವಾರ ನಮಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ.

ಚೀನಾದ ನಮ್ಮ ಊರಿನಲ್ಲಿ, ಹಾನ್ ಹೊಳೆಯ ಏರಿಯ ಮೇಲಿರುವ ಪಾರ್ಕಿನಲ್ಲಿ ದಿನಾ ಬೆಳಿಗ್ಗೆ ನಾವೊಂದು ಹತ್ತು ಜನ ಮುದುಕರು ಕಲ್ಲುಚಪ್ಪಡಿಗಳ ಮೇಲೆ ನೀರಿನಲ್ಲಿ ಬರೆಯುತ್ತೇವೆ. ಕುಂಚ ನಮ್ಮದೇ ತಯಾರಿ. ಹಳೇ ಸೋಫಾದ ಸ್ಪಂಜನ್ನು ಚೂಪಾಗಿ ಕತ್ತರಿಸಿ, ಮುರಿದ ಛತ್ರಿಯ ಕೋಲಿಗೆ ಕಟ್ಟಿದರೆ ಆಯಿತು. ನಿಂತುಕೊಂಡೇ ಬರೆಯಬಹುದು, ಸೊಂಟಕ್ಕೂ ಒಳ್ಳೆಯದು. ಕಾಗದದ ಖರ್ಚಿಲ್ಲ, ಮಸಿಯ ಗಲೀಜಿಲ್ಲ. ಬರೆದದ್ದು ಚೆನ್ನಾಗಿಲ್ಲದಿದ್ದರೆ ಬಿಸಿಲೇ ಅಳಿಸುತ್ತದೆ. ಚೆನ್ನಾಗಿದ್ದರೂ ಅಳಿಸುತ್ತದೆ, ಅದನ್ನು ಮಾತ್ರ ನಾನು ಇವತ್ತಿಗೂ ಒಪ್ಪಿಲ್ಲ.

ನಾವೆಲ್ಲ ಹಳಬರ ಪದ್ಯಗಳನ್ನು ನಕಲು ಮಾಡುವವರು. ತನ್ನದೇ ಪದ್ಯ ಕಟ್ಟಿ ಬರೆಯುವವನು ಪಾಂಗ್ ಒಬ್ಬನೇ. ಅವನು ಹುಡುಗನಾಗಿದ್ದಾಗ ಬೆಟ್ಟದ ಮೇಲಿನ ತಾವೋ ಗುಡಿಯಲ್ಲಿ ಬೆಳೆದವನು. ಸರ್ಕಾರ ಗುಡಿಗಳನ್ನೆಲ್ಲ ಮುಚ್ಚಿಸಿದ ಕಾಲದಲ್ಲಿ ಅವನನ್ನೂ ಕೆಳಗಿಳಿಸಿ ಕಳಿಸಿದರು. ಊರಿಗೆ ಬಂದು ಮೂವತ್ತೆಂಟು ವರ್ಷ ಮನೆಮನೆಯ ನೀರಿನ ಮೀಟರ್ ಓದಿದ. ಗುಡಿಯ ಬುದ್ಧಿ ಮಾತ್ರ ಹೋಗಲಿಲ್ಲ. ಯಾವುದನ್ನೂ ಎಳೆಯಬಾರದು, ಯಾವುದನ್ನೂ ತಳ್ಳಬಾರದು, ಆಗುವುದು ತಾನಾಗಿಯೇ ಆಗುತ್ತದೆ ಅನ್ನುವ ಬುದ್ಧಿ. ತಾವೋ ಅಂದರೆ ದಾರಿ ಅಂತ ಅರ್ಥವಂತೆ. ನಾನು ಮೂವತ್ತೊಂದು ವರ್ಷ ಸಿಟಿ ಬಸ್ಸಿನ ಕಂಡಕ್ಟರ್ ಆಗಿದ್ದವನು. ದಾರಿಯ ವಿಚಾರ ನನ್ನನ್ನೂ ಒಮ್ಮೆ ಕೇಳಬಹುದಿತ್ತು. ಎಳೆಯದೆ ತಳ್ಳದೆ ಹೊರಟ ಒಂದೇ ಒಂದು ಬಸ್ಸನ್ನು ನಾನು ಕಂಡಿಲ್ಲ.

ಅವನ ಪದ್ಯ ಹೇಗಿರುತ್ತದೆ ಅಂದರೆ ಹೀಗೆ:

ಹೊಳೆ ಇಳಿಯಿತು.
ಕಲ್ಲು ಇದ್ದಲ್ಲೇ ಇತ್ತು.
ಕೊಕ್ಕರೆ ಒಂದು ಕಾಲು ಎತ್ತಿತು.
ಇನ್ನೊಂದನ್ನು ಎತ್ತಲಿಲ್ಲ.

"ಇನ್ನೊಂದನ್ನೂ ಎತ್ತಿದ್ರೆ ಬಿದ್ದುಹೋಗ್ತಿತ್ತಲ್ಲಯ್ಯಾ!" ಎಂದೆ.

ಪಾಂಗ್ ಕುಂಚ ಅದ್ದಿ, ಕೆಳಗೆ "ಅದೇ" ಎಂದು ಬರೆದ. ಇಂಥವನ ಜೊತೆ ನಾನು ಹತ್ತೊಂಬತ್ತು ವರ್ಷ ಕಳೆದಿದ್ದೇನೆ.

ಧ್ವನಿ ಹೋದಮೇಲೆ ಅವನ ಮಾತುಕತೆಯೆಲ್ಲ ಈ ಚಪ್ಪಡಿಗಳ ಮೇಲೆಯೇ. ಬೇಸಿಗೆಯಲ್ಲಿ ಅವನ ಬೈಗುಳ ಅರ್ಧ ನಿಮಿಷದಲ್ಲಿ ಆರಿಹೋಗುತ್ತದೆ. "ಏನಂದೆ? ಇನ್ನೊಂದ್ಸಲ ಅನ್ನು ನೋಡೋಣ!" ಎಂದು ನಾನು ಮೈಮೇಲೆ ಹೋದರೆ, ಬರೀ ಕಲ್ಲು ತೋರಿಸುತ್ತಾನೆ. ಸಾಕ್ಷಿಯೇ ಇಲ್ಲ. ಚಳಿಗಾಲದ ಕತೆ ಬೇರೆ. ಹೋದ ಜನವರಿಯಲ್ಲಿ "ಶೆನ್ ಅಕ್ಷರ ಕೋಳಿ ಕೆದರಿದ ಹಾಗಿದೆ" ಎಂದು ಬರೆದ. ನೀರು ಅಲ್ಲೇ ಹೆಪ್ಪುಗಟ್ಟಿ ಎರಡು ದಿನ ಕೂತಿತು. ವಾಕಿಂಗಿಗೆ ಬಂದವರೆಲ್ಲ ಓದಿಕೊಂಡು ಹೋದರು. ಶೆನ್ ಅಂದರೆ ನಾನು.

ಆಸ್ಪತ್ರೆಯಿಂದ ಬಂದಾಗ ನಾನೇ ಅವನಿಗೊಂದು ನೋಟ್‌ಬುಕ್ಕು, ಪೆನ್ನು ತಂದುಕೊಟ್ಟಿದ್ದೆ. ಪೆನ್ನನ್ನು ವಾಪಸ್ ಕೊಟ್ಟ. ನೋಟ್‌ಬುಕ್ಕಿನ ಹಾಳೆ ಹರಿದು ಪೊಟ್ಟಣ ಮಾಡಿ ಸೂರ್ಯಕಾಂತಿ ಬೀಜ ತುಂಬಿಕೊಂಡ. ಯಾಕಯ್ಯಾ ಅಂದರೆ, "ಕಾಗದದ ಮೇಲಿನ ಮಾತಿಗೆ ಕಾವಲು ಕೂರಬೇಕು" ಎಂದು ಕಲ್ಲಿನ ಮೇಲೆ ಬರೆದ.

ಎರಡು ವರ್ಷದ ಹಿಂದೆ, ವಸಂತದಲ್ಲಿ, ಫಾನ್ ಯಾಲಾನ್ ನಮ್ಮ ಪಾರ್ಕಿಗೆ ಬಂದಳು. ಗಂಡ ತೀರಿಕೊಂಡ ಮೇಲೆ ಬಾವ್‌ಜಿ ಊರು ಬಿಟ್ಟು ಇಲ್ಲಿ ತಮ್ಮನ ಮನೆಗೆ ಬಂದಿದ್ದಳು. ನನಗಿಂತ ಒಂದು ವರ್ಷ ದೊಡ್ಡವಳು, ಅದಕ್ಕೇ ಅಕ್ಕ ಅನ್ನುತ್ತೇನೆ. ಹೆಂಗಸರ ಬೀಸಣಿಗೆ ಕುಣಿತಕ್ಕೆ ಅಂತ ಬರುವುದು, ಎರಡು ಸುತ್ತು ಕುಣಿಯುವುದು, ಆಮೇಲೆ ಪಾಂಗ್‌ನ ಚಪ್ಪಡಿಗಳ ತುದಿಯಲ್ಲಿರುವ ಕಲ್ಲುಬೆಂಚಿನ ಮೇಲೆ ಕೂತು ಅವನು ಬರೆಯುವುದನ್ನು ನೋಡುವುದು. ಪಾಂಗ್ ಆಗಿನಿಂದ ವಾರವಾರ ಕ್ಷೌರ ಮಾಡಿಸಿಕೊಂಡು ಬರತೊಡಗಿದ. ತಾನಾಗಿಯೇ ಆಗುವ ಸಂಗತಿಗಳಲ್ಲಿ ಕ್ಷೌರ ಸೇರಿಲ್ಲವಲ್ಲ ಎಂದು ನಾನು ಕೇಳಿದೆ. ಕೇಳಿಸದವನ ಹಾಗೆ ನಿಂತ. ಆಪರೇಷನ್ ಆಗಿದ್ದು ಗಂಟಲಿಗೆ, ಕಿವಿಗಲ್ಲ.

ಒಂದೇ ತೊಂದರೆ. ಪಾಂಗ್ ಬರೆಯುವುದು ಓಡುಬರಹ. ಕುಂಚ ಎತ್ತುವುದೇ ಇಲ್ಲ, ಒಂದು ಅಕ್ಷರದ ಬಾಲ ಇನ್ನೊಂದರ ತಲೆಗೆ ಸಿಕ್ಕಿಕೊಂಡು ಸಾಗುತ್ತಿರುತ್ತದೆ. ಯಾಲಾನ್ ಅಕ್ಕ ನೂಲಿನ ಗಿರಣಿಯಲ್ಲಿ ದುಡಿದವಳು. ಪೇಪರ್ ಓದುತ್ತಾಳೆ, ಬಸ್ಸಿನ ಬೋರ್ಡು ಓದುತ್ತಾಳೆ, ಓಡುಬರಹ ಬಾರದು. "ಅಚ್ಚಿನ ಅಕ್ಷರದ ಥರ ಬಿಡಿಬಿಡಿಸಿ ಬರಿಯಯ್ಯಾ" ಎಂದು ನಾನಂದರೆ ಪಾಂಗ್ ಒಪ್ಪಲಿಲ್ಲ. ನೀರು ಚೌಕದೊಳಗೆ ನಿಲ್ಲುವುದಿಲ್ಲವಂತೆ, ಚೌಕದ ಅಕ್ಷರ ನೀರಿನ ಬಿಲ್ಲಿಗೆ ಸಾಕಂತೆ. ಕೊನೆಗೆ ಓದಿಹೇಳುವ ಕೆಲಸ ನನ್ನ ತಲೆಗೆ ಬಂತು. ನನ್ನ ಗಂಟಲು ಗಟ್ಟಿಯಾಗಿಯೇ ಇದೆ.

ನಿಜ ಹೇಳಿಬಿಡುತ್ತೇನೆ. ನಾನು ಓದಿದ್ದೆಲ್ಲ ಅವನು ಬರೆದದ್ದಲ್ಲ.

ಒಂದು ದಿನ ಬರೆದ:

ಮಂಜಿನಲ್ಲಿ ಆಚೆ ದಡ ಇಲ್ಲ.
ಮಂಜು ಹೋಯಿತು, ದಡ ಇದೆ.
ದಡ ಏನೂ ಮಾಡಲಿಲ್ಲ.

ಇದನ್ನು ಒಬ್ಬ ಹೆಂಗಸಿನ ಮುಂದೆ ಹೇಗೆ ಓದುವುದು, ನೀವೇ ಹೇಳಿ. "ಮಂಜು ಹೋಯಿತು. ದಡ ಅಷ್ಟು ಹೊತ್ತೂ ಅಲ್ಲೇ ಕಾದಿತ್ತು" ಎಂದು ಓದಿದೆ.

"ಪಾಪ" ಎಂದಳು ಯಾಲಾನ್ ಅಕ್ಕ.

ಪಾಂಗ್ ಕುಂಚವನ್ನು ಕಲ್ಲಿಗೆ ಕುಟ್ಟಿ, ದೊಡ್ಡದಾಗಿ "ಕಾಯಲಿಲ್ಲ!" ಎಂದು ಬರೆದ.

"ಈಗೇನಂತೆ?"

"ಇವತ್ತು ಸೆಕೆ ಜಾಸ್ತಿ ಅಂತೆ, ಅಕ್ಕ."

ಹೀಗೆ ಎರಡು ವರ್ಷ ನಡೆಯಿತು. ಬರೆಯುವವನಿಗೆ ಬಾಯಿಲ್ಲ, ಕೇಳುವವಳಿಗೆ ಓಡುಬರಹ ಬಾರದು, ನಡುವೆ ನಾನು. ಪಾಂಗ್ ನನ್ನ ಮೇಲೆ ಕಣ್ಣು ಕೆಂಪಗೆ ಮಾಡುತ್ತಿದ್ದ. ಆದರೆ ಆಕೆಯ ತೋಳು ಹಿಡಿದು, ಅಲ್ಲ, ಹಾಗಲ್ಲ ಎಂದು ತಲೆಯಾಡಿಸಿದ್ದನ್ನು ನಾನೊಮ್ಮೆಯೂ ನೋಡಲಿಲ್ಲ.

ನನಗೇಕೆ ಈ ಉಸಾಬರಿ ಅಂತ ನೀವು ಕೇಳಬಹುದು. ನನ್ನ ಹೊಟ್ಟೆಯೊಳಗೂ ಒಂದು ಸಂಗತಿ ಇತ್ತು.

ನಲವತ್ತೊಂದು ವರ್ಷದ ಹಿಂದೆ ಯಾಲಾನ್ ಇದೇ ಊರಿನ ಗಿರಣಿಯಲ್ಲಿದ್ದಳು. ಪಾಂಗ್ ಆ ಗಿರಣಿಯ ಹೆಣ್ಣುಮಕ್ಕಳ ಹಾಸ್ಟೆಲಿನ ಮೀಟರ್ ಓದುತ್ತಿದ್ದ. ತಿಂಗಳಿಗೊಮ್ಮೆ ಓದಬೇಕಾದದ್ದನ್ನು ವಾರಕ್ಕೊಮ್ಮೆ ಓದುತ್ತಿದ್ದನಂತೆ. ಅಷ್ಟರಲ್ಲಿ ಬಾವ್‌ಜಿಯಿಂದ ಆಕೆಗೆ ಒಂದು ಸಂಬಂಧ ಬಂತು, ಮನೆಯವರು ಹೊರಡು ಅಂದರು. ಆಕೆ ಟ್ರಂಕು ಹಿಡಿದು ರೈಲ್ವೆ ಸ್ಟೇಷನ್ನಿನ ಬಸ್ಸಿಗೆ ಬಂದಳು, ಕಳಿಸಿಕೊಡಲು ಪಾಂಗ್ ಬಂದ. ಮೆಟ್ಟಿಲ ಮೇಲೆ ಕಾಲಿಟ್ಟು, "ಹೋಗ್ಲಾ?" ಎಂದು ಕೇಳಿದಳು. ಆಗ ಅವನಿಗೆ ಕಂಚಿನಂಥ ಗಂಟಲಿತ್ತು. ಆ ಗಂಟಲಿನಿಂದ ಅವನು ಹೇಳಿದ್ದು: "ಹೊಳೆಗೆ ಯಾರೂ ದಾರಿ ತೋರ್ಸೋದಿಲ್ಲ."

ಆಕೆ ಹತ್ತಿದಳು. ಬಸ್ಸು ಹೊರಟಿತು.

ಆ ಬಸ್ಸಿನ ಕಂಡಕ್ಟರ್ ನಾನು. ಇಪ್ಪತ್ಮೂರು ವಯಸ್ಸು, ಕೆಲಸಕ್ಕೆ ಸೇರಿ ಆರು ತಿಂಗಳು. ಹಿಂದಿನ ಬಾಗಿಲಲ್ಲಿ ನಿಂತು ನೋಡುತ್ತೇನೆ, ಒಬ್ಬ ಸಣಕಲ ಬಟ್ಟೆಯ ಚಪ್ಪಲಿ ಹಾಕಿಕೊಂಡು ಕೈ ಬೀಸುತ್ತ ಓಡಿಬರುತ್ತಿದ್ದಾನೆ. ತರಕಾರಿ ಮಾರ್ಕೆಟ್ಟಿನವರೆಗೂ ಓಡಿದ. ನಾನು ಬಾಗಿಲಿಂದ ಬಗ್ಗಿ, "ಬಸ್ ಫುಲ್! ಹಿಂದಿನ ಬಸ್‌ಗೆ ಬಾ!" ಎಂದು ಕೂಗಿದೆ. ಅವನು ನಿಂತುಬಿಟ್ಟ. ಬಸ್ಸಿನಲ್ಲಿ ಹನ್ನೊಂದು ಸೀಟು ಖಾಲಿ ಇದ್ದವು. ನನಗೆ ಊಟದ ಹೊತ್ತಾಗಿತ್ತು.

ಹತ್ತೊಂಬತ್ತು ವರ್ಷದ ಹಿಂದೆ ಪಾರ್ಕಿನಲ್ಲಿ ಪರಿಚಯವಾದ ಹೊಸದರಲ್ಲಿ ಪಾಂಗ್ ಈ ಕತೆಯನ್ನು ಯಾರದೋ ಕತೆಯ ಹಾಗೆ ಹೇಳಿದ. ನಾನು ಬಸ್ ನಂಬರ್ ಕೇಳಿದೆ, ಇಸವಿ ಕೇಳಿದೆ. "ಆ ಕಂಡಕ್ಟರ್ ನಾನೇ ಕಣಯ್ಯಾ" ಎಂದೆ. ಅವನು ನನ್ನ ಮುಖ ನೋಡಿ, "ಬಸ್ಸು ಹೋಗ್ಬೇಕಿತ್ತು, ಹೋಯ್ತು" ಎಂದ. ನಾಲ್ಕು ಬಾರಿಸಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಆಕೆ ಮರಳಿ ಬಂದಾಗ ಅವನು ಮಾಡಿದ ಮೊದಲ ಕೆಲಸ, ಓಡಿದ ವಿಷಯ ಆಕೆಗೆ ಹೇಳಕೂಡದು ಎಂದು ನನ್ನಿಂದ ಮಾತು ತೆಗೆದುಕೊಂಡದ್ದು. ಅದನ್ನು ತಿಳಿದು ಆಕೆ ಉಳಿದರೆ ಅದು ಎಳೆದು ಉಳಿಸಿಕೊಂಡ ಹಾಗಂತೆ.

ಇನ್ನು ಈ ಜುಲೈ ತಿಂಗಳ ವಿಷಯ. ಯಾಲಾನ್ ಅಕ್ಕನ ತಮ್ಮನ ಮಗನಿಗೆ ಮದುವೆ ಗೊತ್ತಾಯಿತು, ಆಕೆ ಇದ್ದ ಕೋಣೆ ಅವರಿಗೆ ಬೇಕಾಯಿತು. ಬಾವ್‌ಜಿಯಲ್ಲಿರುವ ಮಗ, ಬಂದುಬಿಡಮ್ಮ ಎಂದು ಫೋನ್ ಮಾಡಿ, ಶನಿವಾರ ಮಧ್ಯಾಹ್ನದ ಬಸ್ಸಿಗೆ ಟಿಕೆಟ್ಟನ್ನೂ ಮಾಡಿಸಿದ. ಶುಕ್ರವಾರ ಬೆಳಿಗ್ಗೆ ಆಕೆ ಕುಣಿತಕ್ಕೆ ಹೋಗಲಿಲ್ಲ. ಸೀದಾ ಪಾಂಗ್‌ನ ಚಪ್ಪಡಿಯ ಮುಂದೆ ಬಂದು ನಿಂತಳು.

"ಪಾಂಗ್, ನಂಗೆ ಸುತ್ತಿಬಳಸಿ ಮಾತಾಡೋಕ್ ಬರಲ್ಲ. ಅರವತ್ತೈದಾಯ್ತು ನಂಗೆ. ಬಾವ್‌ಜಿಗೆ ಹೋದ್ರೆ ಇನ್ನು ಬರೋದು ಸುಳ್ಳು. ನೀವು ಇರು ಅಂದ್ರೆ ಇರ್ತೀನಿ. ಮಗನಿಗೆ ನಾನು ಹೇಳ್ಕೋತೀನಿ, ಊರೋರು ಏನಾದ್ರೂ ಆಡ್ಕೊಳ್ಲಿ. ಹೋಗ್ಲಾ? ಇರ್ಲಾ?"

ಪಕ್ಕದಲ್ಲಿ ಬರೆಯುತ್ತಿದ್ದವರೆಲ್ಲ ತಮ್ಮ ಅಕ್ಷರಗಳನ್ನು ಬಹಳ ಆಸಕ್ತಿಯಿಂದ ನೋಡಿಕೊಳ್ಳತೊಡಗಿದರು. ಪಾಂಗ್ ಕುಂಚ ಅದ್ದಿದ. ಇವತ್ತು ಬರೆಯುತ್ತಾನೆ, ಇವತ್ತಾದರೂ ಬರೆದೇ ಬರೆಯುತ್ತಾನೆ ಎಂದು ನಾನು ಉಸಿರು ಹಿಡಿದು ನಿಂತೆ. ಮೊದಲ ಅಕ್ಷರ ಬಿತ್ತು. ಹೊಳೆ.

ಥೂ ನಿನ್ನ ಎಂದುಕೊಂಡೆ.

ನಾಲ್ಕು ಸಾಲು ಬರೆದು ಕುಂಚ ಕೆಳಗಿಟ್ಟು, ಕೈ ಹಿಂದೆ ಕಟ್ಟಿ ನಿಂತ. ಬಿಸಿಲಿನ್ನೂ ಏರಿರಲಿಲ್ಲ, ತಣ್ಣನೆಯ ಕಲ್ಲಿನ ಮೇಲೆ ಅಕ್ಷರ ಬೇಗ ಆರುತ್ತಿರಲಿಲ್ಲ.

"ಏನ್ ಬರ್ದಿದಾರೆ, ಶೆನ್?"

"ಹೋಗ್ಬೇಡ ಅಂತ ಬರ್ದಿದಾನೆ, ಅಕ್ಕ" ಎಂದೆ. "ನೀವು ಹೋದ್ರೆ ಪಾರ್ಕೆಲ್ಲ ಬಿಕೋ ಅನ್ನುತ್ತೆ, ಇಲ್ಲೇ ಇರಿ ಅಂತ."

ಆಕೆಯ ಮುಖ ಅರಳಿತು. ಅದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಆಮೇಲೆ ಆಕೆ ಬರೆದದ್ದನ್ನು ಹತ್ತಿರದಿಂದ ನೋಡೋಣ ಎಂದು ಮೊಣಕಾಲು ಹಿಡಿದುಕೊಂಡು ಬಗ್ಗಿದಳು. ಬಗ್ಗಿದವಳು ಹಾಗೇ ಇದ್ದುಬಿಟ್ಟಳು.

"ಇದು ಹೊಳೆ ಅನ್ನೋ ಅಕ್ಷರ ಅಲ್ವೇನೋ?"

"ಯಾವ್ದು?"

"ಇಗೋ, ಇದು. ನಮ್ಮ ಗಿರಣಿ ಹೆಸರಲ್ಲಿ ಹೊಳೆ ಇತ್ತು. ಆರು ವರ್ಷ ದಿನಾ ಗೇಟಲ್ಲಿ ನೋಡಿದೀನಿ, ಎಷ್ಟು ಗೀಚಿದ್ರೂ ಗೊತ್ತಾಗುತ್ತೆ. ಇಲ್ಲೊಂದಿದೆ, ಅಲ್ಲೊಂದಿದೆ. ಎರಡು ಹೊಳೆ ಇದೆ. ನೀನು ಓದಿದ್ರಲ್ಲಿ ಒಂದೂ ಬರ್ಲಿಲ್ವಲ್ಲ."

ನಾನು ಆಕಾಶ ನೋಡಿದೆ. ಅಲ್ಲಿ ಒಂದು ಮೋಡವೂ ಇರಲಿಲ್ಲ.

"ದಡ ಕಾದಿತ್ತು ಅಂದ್ಯಲ್ಲ, ಅವತ್ತು ಮಂಜಿನ ಪದ್ಯ. ಅದು?"

"ದಡ ಅವನ್ದು. ಕಾದಿದ್ದು ನಂದು, ಅಕ್ಕ."

"ಬಸವನಹುಳು ಮನೇಲಿ ಇಬ್ಬರಿಗೆ ಜಾಗ ಇದೆ ಅನ್ನೋದು?"

"ಹುಳು ಅವನ್ದು. ಜಾಗ ನಂದು."

ಎರಡು ವರ್ಷದಿಂದ ಮನಸ್ಸಿನಲ್ಲಿ ಎತ್ತಿಟ್ಟುಕೊಂಡದ್ದನ್ನು ಆಕೆ ಒಂದೊಂದಾಗಿ ಕೇಳಿದಳು, ನಾನು ಒಂದೊಂದಾಗಿ ಒಪ್ಪಿಕೊಂಡೆ. ನನ್ನ ಜೀವನದಲ್ಲಿ ಅಷ್ಟು ಹೀನಾಯ ನನಗೆ ಯಾವತ್ತೂ ಅನ್ನಿಸಿರಲಿಲ್ಲ.

"ಈಗ ಇರೋದನ್ನ ಇರೋ ಹಾಗೇ ಓದು" ಎಂದಳು. "ಆರಿಹೋಗೋಕ್ ಮುಂಚೆ."

ಓದಿದೆ:

ಹೊಳೆಗೆ ಯಾರೂ ದಾರಿ ತೋರಿಸುವುದಿಲ್ಲ.
ಜೊಂಡು ಬಾಗಿ ದಾರಿ ಬಿಡುತ್ತದೆ.
ಹೊಳೆ ಸರಿದು ಹೋದ ಮೇಲೂ
ಜೊಂಡು ಬಾಗಿಯೇ ಇದೆ.

ಕೊನೆಯ ಸಾಲಿಗೆ ಬರುವಷ್ಟರಲ್ಲಿ ಮೊದಲನೆಯದು ಆರಿಹೋಗಿತ್ತು. ಯಾಲಾನ್ ಅಕ್ಕ ಎದ್ದು ನಿಂತು ಸೊಂಟ ನೆಟ್ಟಗೆ ಮಾಡಿಕೊಂಡಳು.

"ಅವತ್ತೂ ಹೊಳೆ, ಇವತ್ತೂ ಹೊಳೆ. ನಲವತ್ತೊಂದು ವರ್ಷಕ್ಕೆ ಒಂದು ಜೊಂಡು ಸೇರ್ಕೊಂಡಿದೆ, ಅಷ್ಟೇ."

ಹಾಗೆಂದು ತಿರುಗಿ ನೋಡದೆ ಹೋದಳು. ಕಣ್ಣು ಒರೆಸಿಕೊಳ್ಳುವುದು ಹಿಂದಿನಿಂದಲೂ ಗೊತ್ತಾಗುತ್ತಿತ್ತು.

ಮರುದಿನ ಬೆಳಿಗ್ಗೆ ನಾನು ಪಾರ್ಕಿಗೆ ಹೋದದ್ದು ಬರೆಯುವುದಕ್ಕಲ್ಲ, ಬೈಯುವುದಕ್ಕೆ.

"ಮನುಷ್ಯನಾ ನೀನು? ಬಾಯ್ಬಿಟ್ಟು ಕೇಳಿದ್ಲಲ್ಲೋ ಆಕೆ. ಹೆಂಗ್ಸು ತಾನಾಗಿ ಕೇಳಿದ್ಲು, ಎರಡನೇ ಸಲ ಕೇಳಿದ್ಲು! ಇರು ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ಅವನು ಬರೆದ: "ಎಳೆದು ನಿಲ್ಲಿಸಿದ್ದು ನಿಂತದ್ದಲ್ಲ."

"ಎಳೀಬೇಡ ಮಾರಾಯ! ನಿನಗೇನು ಬೇಕು ಅಂತ ಹೇಳೋದು ಎಳೆದ ಹಾಗಾ? ಅಂಗಡೀಲಿ ಒಂದು ಕೆಜಿ ಅಕ್ಕಿ ಕೊಡಿ ಅಂದ್ರೆ ಅಂಗಡಿಯವ್ನನ್ನ ಎಳೆದ ಹಾಗಾ?"

"ಎಲ್ಲಾ ಪದ್ಯದಲ್ಲೇ ಇತ್ತು" ಎಂದು ಬರೆದ.

"ಏನಿತ್ತು? ಜೊಂಡು ಬಾಗಿಯೇ ಇದೆ! ಹೌದಪ್ಪಾ, ಇದೆ. ಅದು ಹೊಳೆಗೆ ಹೇಗೆ ಗೊತ್ತಾಗ್ಬೇಕು? ಹೊಳೆ ಮುಂದಕ್ಕೆ ಹೋಗಾಯ್ತು. ಹಿಂದೆ ಯಾವನ ಬೆನ್ನು ಬಾಗಿದೆ ಅಂತ ಅದು ಕಂಡಿದ್ಯಾ?"

ಅವನು ಕುಂಚ ಅದ್ದಿದ, ಎತ್ತಿದ, ಕಲ್ಲಿನ ಮೇಲೆ ಹಿಡಿದ. ತುದಿಯಿಂದ ನೀರು ತೊಟ್ಟಿಕ್ಕಿ ಒಂದು ಮಚ್ಚೆಯಾಯಿತು. ಅದರ ಮುಂದೆ ಏನೂ ಬರೆಯಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ನಾನು ಗೆದ್ದಿದ್ದೆ. ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಅವನನ್ನು ಅಲ್ಲೇ ಬಿಟ್ಟು ಹೊರಟೆ.

ಬಾವ್‌ಜಿಯ ಬಸ್ಸು ಪಾರ್ಕಿನ ಗೇಟಿನ ಎದುರು ನಿಲ್ಲುತ್ತದೆ. ಹನ್ನೆರಡೂವರೆಗೆ ಯಾಲಾನ್ ಅಕ್ಕ ಒಂದು ದೊಡ್ಡ ಚೀಲ ಹಿಡಿದು ಬಂದಳು. ಅಲ್ಲೇ ಫುಟ್‌ಪಾತಿನ ಮೇಲೆ ಗಾವ್ ಅನ್ನುವವಳ ತಿಂಡಿ ಗಾಡಿ ಇದೆ. ಹಬೆಯಲ್ಲಿ ಬೇಯಿಸಿದ ಅಕ್ಕಿ ಹಾಳೆಯನ್ನು ರಿಬ್ಬನ್ನಿನ ಹಾಗೆ ಕತ್ತರಿಸಿ, ಕೆಂಪು ಖಾರದೆಣ್ಣೆ ಸುರಿದು ಕೊಡುತ್ತಾಳೆ. ನಾನು ಎರಡು ತಟ್ಟೆ ಹೇಳಿದೆ. ಆಕೆ ಮುಟ್ಟಲಿಲ್ಲ.

ಕೊಟ್ಟ ಮಾತು ಮುರಿಯಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗದು ಅಂದುಕೊಂಡೆ. ಎಲ್ಲ ಹೇಳಿಬಿಟ್ಟೆ. ಬಸ್ಸಿನ ನಂಬರು, ಬಟ್ಟೆಯ ಚಪ್ಪಲಿ, ತರಕಾರಿ ಮಾರ್ಕೆಟ್ಟು, ಹನ್ನೊಂದು ಖಾಲಿ ಸೀಟು. "ನಾನೇ ಅಕ್ಕ ಅವನ್ನ ನಿಲ್ಲಿಸಿದ್ದು. ನಾನು ಸೀಟಿ ಊದಿದ್ದಿದ್ರೆ ಬಸ್ ನಿಲ್ತಿತ್ತು. ನನ್ನನ್ನ ಬೈರಿ, ಹೊಡೀರಿ, ಆದ್ರೆ ಅವನು ಓಡಿ ಬಂದಿದ್ದ. ನನ್ನಾಣೆ."

ಆಕೆ ಎಲ್ಲವನ್ನೂ ಕೇಳಿಸಿಕೊಂಡಳು. ಕಣ್ಣಲ್ಲಿ ನೀರು ತುಂಬಿತ್ತು.

"ಎಷ್ಟು ಚೆನ್ನಾಗಿ ಹೇಳ್ತೀಯ, ಶೆನ್" ಎಂದಳು. "ಇದೂ ನೀನೇ ಓದಿದ್ದಾ?"

ಬದುಕಿನಲ್ಲಿ ಒಂದೇ ಒಂದು ಸಲ ನಿಜ ಹೇಳಲೇಬೇಕಾದ ಹೊತ್ತಿನಲ್ಲಿ ನನ್ನ ಮಾತಿಗೆ ಬೆಲೆ ಇರಲಿಲ್ಲ, ಅದನ್ನು ಕಳೆದುಕೊಂಡವನೂ ನಾನೇ.

ಬಸ್ಸು ಬಂತು. ಕ್ಲೀನರ್ ಇಳಿದು ಚೀಲವನ್ನು ಕೆಳಗಿನ ಡಿಕ್ಕಿಗೆ ತುಂಬಿದ. ಯಾಲಾನ್ ಅಕ್ಕ ನನ್ನ ಭುಜ ತಟ್ಟಿ, ಮೆಟ್ಟಿಲ ಮೇಲೆ ಕಾಲಿಟ್ಟಳು. ಆಗ ಗೇಟಿನ ಕಡೆಯಿಂದ ಧಡಧಡ ಸದ್ದಾಯಿತು. ಪಾಂಗ್ ಓಡಿಬರುತ್ತಿದ್ದ. ಅರವತ್ತಾರು ವರ್ಷದವನು, ಒಂದು ಕೈಯಲ್ಲಿ ಕುಂಚ, ಒಂದು ಕೈಯಲ್ಲಿ ನೀರಿನ ಬಾಟ್ಲಿ, ಆಪರೇಷನ್ನಿನಲ್ಲಿ ಕತ್ತಿಗೆ ಮಾಡಿದ್ದ ತೂತಿನಿಂದ ಉಸಿರು ಸಿಳ್ಳೆ ಹೊಡೆಯುತ್ತಿತ್ತು.

ಕುಂಚಕ್ಕೆ ನೀರು ಸುರಿದು, ಬಸ್ಸಿನ ಬಾಗಿಲ ಕೆಳಗಿನ ಫುಟ್‌ಪಾತಿನ ಮೇಲೆ ಬರೆದ. ಓಡುಬರಹ. ಆಕೆಗೆ ಓದಲು ಬಾರದು. ಬಂದರೂ ಓದಲು ಆಗುತ್ತಿರಲಿಲ್ಲ. ಜುಲೈ ತಿಂಗಳ ನಡುಮಧ್ಯಾಹ್ನ, ಸಿಮೆಂಟು ಕಾದ ಕಾವಲಿಯಾಗಿತ್ತು, ಬರೆದದ್ದು ಚುಂಯ್ ಎಂದು ಹೋಯಿತು.

"ಹೋಗ್ಬೇಡ ಅಂತಿದಾನೆ ಅಕ್ಕಾ!" ಎಂದು ಕೂಗಿದೆ.

"ನೀನು ಸುಮ್ನಿರು, ಶೆನ್!" ಎಂದು ಆಕೆ ಮೆಟ್ಟಿಲಿಂದಲೇ ಗದರಿದಳು.

ಪಾಂಗ್ ಇನ್ನೊಮ್ಮೆ ಬಗ್ಗಿದ. ಈ ಸಲ ನಿಧಾನವಾಗಿ, ಗೆರೆಗೆರೆ ಬಿಡಿಸಿ, ಚೌಕದ ಅಕ್ಷರ. ನಮ್ಮ ಬರಹದಲ್ಲಿ ಹೋಗಬೇಡ ಅನ್ನುವುದಕ್ಕೆ ಎರಡೇ ಅಕ್ಷರ. ಎರಡನೆಯದನ್ನು ಶುರುಮಾಡುವಷ್ಟರಲ್ಲಿ ಮೊದಲನೆಯದು ಮಾಯ. ಮತ್ತೆ ಬರೆದ, ಮತ್ತೆ ಮಾಯ. ಅವನು ತಲೆಯೆತ್ತಿ ಸುತ್ತ ನೋಡಿದ. ಅವನ ಮುಖದಲ್ಲಿ ಅಂಥ ಗಾಬರಿಯನ್ನು ನಾನು ಆಪರೇಷನ್ನಿನ ದಿನವೂ ಕಂಡಿರಲಿಲ್ಲ.

ಗಾವ್‌ಳ ಗಾಡಿಯ ಮೇಲೆ ಸೋಯಾ ಸಾಸಿನ ದೊಡ್ಡ ಬಾಟ್ಲಿ ಇತ್ತು. ಅದನ್ನು ಎತ್ತಿಕೊಂಡು, ನನ್ನ ತಿಂಡಿಯನ್ನು ಪಕ್ಕಕ್ಕೆ ಸುರಿದು, ಆ ತಟ್ಟೆಗೆ ಗಳಗಳ ಸಾಸ್ ಬಗ್ಗಿಸಿದ.

"ಅಯ್ಯೋ, ಅದು ಸೋಯಾ ಸಾಸ್ ಕಣ್ ತಾತಾ!" ಎಂದು ಗಾವ್ ಕಿರುಚಿದಳು. "ಯಾರಾದ್ರೂ ಹಿಡೀರಿ ಈ ಮುದುಕನ್ನ!"

"ಏನಮ್ಮಾ, ಹತ್ತೋದಾದ್ರೆ ಹತ್ತು, ಇಳಿಯೋದಾದ್ರೆ ಇಳಿ!" ಎಂದು ಡ್ರೈವರ್ ಹಾರ್ನ್ ಒತ್ತಿದ.

ನಾನು ಹೋಗಿ ಬಸ್ಸಿನ ಮುಂದೆ ನಿಂತೆ.

"ಏಯ್ ಅಜ್ಜಾ, ಸಾಯೋಕ್ ಬೇರೆ ಬಸ್ ಸಿಗ್ಲಿಲ್ವಾ?"

"ಎರಡು ನಿಮಿಷ ಕಣಪ್ಪಾ."

"ಟೈಮಿಂಗ್ ಇದೆ ನಂಗೆ!"

"ಗೊತ್ತು" ಎಂದೆ. "ನಂಗೂ ಇತ್ತು."

ಅವನು ಬಾಯಿಗೆ ಬಂದದ್ದನ್ನೆಲ್ಲ ಬೈದ. ಹೊಸ ಬೈಗುಳ ಒಂದೂ ಇರಲಿಲ್ಲ. ನಾನು ಕದಲಲಿಲ್ಲ. ಬಾನೆಟ್ಟಿನ ಪಕ್ಕದಿಂದ ನನಗೆ ಪಾಂಗ್‌ನ ಬೆನ್ನು ಕಾಣುತ್ತಿತ್ತು. ನೆಲಕ್ಕೆ ಮಂಡಿಯೂರಿದ್ದ. ಛತ್ರಿಯ ಕೋಲು ಉದ್ದವಾಯಿತೆಂದು ಸ್ಪಂಜನ್ನೇ ಮುಷ್ಟಿಯಲ್ಲಿ ಹಿಡಿದು, ಒಂದನೇ ಕ್ಲಾಸಿನ ಮಗುವಿನ ಹಾಗೆ, ನಾಲಿಗೆಯ ತುದಿ ಹಲ್ಲಲ್ಲಿ ಕಚ್ಚಿಕೊಂಡು ಬರೆಯುತ್ತಿದ್ದ. ಅಡ್ಡಗೆರೆ ಡೊಂಕು, ಉದ್ದಗೆರೆ ಸೊಟ್ಟ, ಸಾಸು ಅಂಚಿನಲ್ಲಿ ಇಳಿದು ಒಂದಕ್ಷರಕ್ಕೆ ಮೀಸೆ ಬಂದಿತ್ತು. ಅಷ್ಟು ಕೆಟ್ಟ ಅಕ್ಷರವನ್ನು ನಾನು ಕೂಡ ಬರೆದಿಲ್ಲ. ಆದರೆ ಕಪ್ಪಗೆ ನಿಂತಿತು. ಆರಲಿಲ್ಲ.

ಯಾಲಾನ್ ಅಕ್ಕ ಮೆಟ್ಟಿಲ ಮೇಲಿಂದ ಕೆಳಗೆ ನೋಡಿದಳು. ಒಂದು ಕಾಲು ನೆಲಕ್ಕಿಟ್ಟಳು, ಆಮೇಲೆ ಇನ್ನೊಂದು. ಬೆರಳು ತೋರಿಸುತ್ತ, ತಾನೇ, ಗಟ್ಟಿಯಾಗಿ ಓದಿದಳು.

"ಹೋಗ್ಬೇಡ."

ಪಾಂಗ್ ಇನ್ನೂ ಏಳಲಿಲ್ಲ. ತಟ್ಟೆಯಲ್ಲಿ ಸ್ವಲ್ಪ ಸಾಸು ಉಳಿದಿತ್ತು. ಮಂಡಿಯಲ್ಲೇ ಅರ್ಧ ಮೊಳ ಹಿಂದೆ ಸರಿದು, ಅದರ ಕೆಳಗೆ ಇನ್ನೊಂದು ಸಾಲು ಬರೆದ. ಸಾಸು ಸಾಲದೆ ಕೊನೆಯ ಗೆರೆಯನ್ನು ಬೆರಳಿನಿಂದ ಎಳೆದ. ಆಕೆ ಬಗ್ಗಿ, ಒಂದೊಂದೇ ಅಕ್ಷರ ಕೂಡಿಸಿ, ಅದನ್ನೂ ಓದಿದಳು.

"ಅವತ್ತೂ... ಇದೇ... ಹೇಳ್ಬೇಕಿತ್ತು."

ಗಾವ್ ಗಾಡಿ ಬಿಟ್ಟು ಬಂದು ಬಗ್ಗಿ ನೋಡುತ್ತಿದ್ದಳು. ಡ್ರೈವರ್ ಕೂಡ ಹಾರ್ನಿನಿಂದ ಕೈ ತೆಗೆದಿದ್ದ. ಯಾಲಾನ್ ಅಕ್ಕ ನನ್ನ ಕಡೆ ತಿರುಗಿದಳು. ಕೆನ್ನೆ ಪೂರ್ತಿ ಒದ್ದೆಯಾಗಿತ್ತು.

"ಶೆನ್, ಸರಿಯಾಗಿ ಓದಿದ್ನೇನೋ?"

ಹೌದು ಅನ್ನಲು ಹೋದೆ, ಸದ್ದು ಬರಲಿಲ್ಲ. ತಲೆಯಾಡಿಸಿದೆ.

ಆಕೆ ಪಾಂಗ್‌ನ ಎದುರಿಗೆ ಫುಟ್‌ಪಾತಿನ ಅಂಚಿನಲ್ಲಿ ಧೊಪ್ಪನೆ ಕೂತು, "ಇಷ್ಟು ಹೇಳೋಕೆ ಒಂದು ಜೀವಮಾನ ಬೇಕಾಯ್ತೇನ್ರೀ ನಿಮಗೆ" ಎಂದು ಜೋರಾಗಿ ಅತ್ತಳು. ಪಾಂಗ್‌ಗೆ ಏನು ಮಾಡಬೇಕೋ ತೋಚಲಿಲ್ಲ. ಸಾಸಿನ ಕೈ ಅಂಗಿಗೆ ಒರೆಸಿಕೊಂಡು, ಆಕೆಯ ಕೈ ಹಿಡಿದುಕೊಂಡ. ಹಿಡಿದವನು ಬಿಡಲಿಲ್ಲ.

ನಾನು ಬಸ್ಸಿನ ಮುಂದಿನಿಂದ ಸರಿದೆ. ಅದು ಹೊಗೆ ಬಿಟ್ಟುಕೊಂಡು ಹೊರಟಿತು. ಅದು ತಿರುವಿನ ತನಕ ಹೋದಮೇಲೆ, ಯಾಲಾನ್ ಅಕ್ಕನ ಚೀಲ ಅದರ ಡಿಕ್ಕಿಯಲ್ಲೇ ಉಳಿದಿದೆ ಎಂದು ನೆನಪಾಯಿತು. ಹೇಳೋಣ ಎಂದು ಬಾಯಿ ತೆರೆದೆ. ಅವರಿಬ್ಬರನ್ನು ನೋಡಿ ಸುಮ್ಮನಾದೆ.